ಫಕೀರವ್ವನ ಹಚ್ಚೆ ಹೊಲಿದ ಇಕ್ಕಳ

ನಾನು ಒಂದು ಇಕ್ಕಳ. ಒಲೆಯ ಮೇಲಿನ ಪಾತ್ರೆ ಇಳಿಸುವ ಇಕ್ಕಳವಲ್ಲ. ಡಾಕ್ಟರು ಗಾಯ ಹೊಲಿಯುವಾಗ ಸೂಜಿಯನ್ನು ಕಚ್ಚಿ ಹಿಡಿಯುವವನು. ಆಸ್ಪತ್ರೆಯವರು ನನ್ನನ್ನು ನೀಡಲ್ ಹೋಲ್ಡರ್ ಎನ್ನುತ್ತಾರೆ. ಉಕ್ಕನ್ನು ಕಾಯಿಸಿ, ಬಡಿದು, ಉಜ್ಜಿ, ಬಾಯಿಯೊಳಗೆ ಸಣ್ಣ ಗೀರು ಕೊರೆದು ನನ್ನನ್ನು ಮಾಡಿದರು. ಆದರೆ ಹೆಸರೆಲ್ಲ ಚಾಕುವಿಗೆ! ಅದು ಕೊಯ್ದು ಸುಮ್ಮನಾಗುತ್ತದೆ, ಕೂಡಿಸುವ ಕೆಲಸ ನನ್ನದು. ಈ ವಿಷಯದಲ್ಲಿ ನನಗೆ ಮೊದಲಿನಿಂದಲೂ ಸ್ವಲ್ಪ ಹೊಟ್ಟೆಕಿಚ್ಚು.

ನಾನು ಸೇರಿದ್ದು ಗದಗದ ಕಡೆಯ ಒಂದು ಸಣ್ಣ ಆಸ್ಪತ್ರೆಗೆ, ಮಂದಾಕಿನಿ ಡಾಕ್ಟರ ಕೈಗೆ. ಬೆನ್ನಿನ ಗಂಟು, ಕತ್ತಿನ ಮಚ್ಚೆ, ಕುಡುಗೋಲು ತಾಗಿದ ಬೆರಳು, ಹೀಗೆ ದಿನವೂ ಏನಾದರೊಂದು ಕೆಲಸ. ಅಲ್ಲಿ ಒಂದು ರೂಢಿಯಿತ್ತು: ನೋವು ಒಬ್ಬರದು, ಮಾತು ಜೊತೆಗೆ ಬಂದವರದು. ಡಾಕ್ಟರೂ ಅದಕ್ಕೇ ಒಗ್ಗಿಹೋಗಿದ್ದರು.

ಒಂದು ದಿನ ಫಕೀರವ್ವ ಎಂಬ ಮುದುಕಿಯನ್ನು ಮಗ ಯಲ್ಲಪ್ಪ ಕರೆತಂದ. ಅವಳ ಮುಂಗೈ ಮೇಲೆ ಕಪ್ಪು ಗಂಟೊಂದು ಬೆಳೆಯುತ್ತಿತ್ತು. ಅದರ ಪಕ್ಕದಲ್ಲೇ ಹಚ್ಚೆ: ಗಂಟಿನ ಬದಿಗೆ ಒಂದು ತುಳಸಿಕಟ್ಟೆ, ಗಂಟಿನ ಕೆಳಗೆ ದೀಪ. ಡಾಕ್ಟರು ಮಗನನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಅವನಿಗೇ ವಿವರಿಸಿದರು. “ನಾ ಹೂಂ ಅಂತೀನಲ್ರಿ, ತಗದಬಿಡ್ರಿ. ಅಕಿಗೇನ ತಿಳೀತೈತಿ?” ಎಂದ ಅವನು. ಒಪ್ಪಿಗೆ ಪತ್ರದಲ್ಲಿ ತೋರಿಸಿದ ಕಡೆ ಮುದುಕಿ ಹೆಬ್ಬೆಟ್ಟು ಒತ್ತಿದಳು.

ನಾನು ಟ್ರೇಯಲ್ಲಿ ಸಿದ್ಧನಾಗಿ ಮಲಗಿದ್ದೆ. ಡಾಕ್ಟರು ಗಂಟಿನ ಸುತ್ತ ಪೆನ್ನಿನಿಂದ ಎಲೆಯಾಕಾರದ ಗುರುತು ಹಾಕಿದರು. ಗೆರೆ ಕಟ್ಟೆಯ ಮೇಲೆ ಹಾದದ್ದೇ ತಡ, ಫಕೀರವ್ವ ಕೈ ಎಳೆದುಕೊಂಡು ಸೆರಗಿನಲ್ಲಿ ಮುಚ್ಚಿಕೊಂಡಳು.

“ಬರೇ ಮುಲಾಮ ಹಚ್ತಾರಂದಿದ್ದ ಇಂವ! ಇದನ್ನ ನಮ್ಮವ್ವ ಹಾಕಿಸಿದ್ದು, ಡಾಕ್ಟರ್ ಬಾಯಾರ. ಸತ್ತಮ್ಯಾಲೆ ಮೈಮ್ಯಾಲಿನ ಬಂಗಾರ ಬಿಚ್ಚಕೊಂತಾರ. ಹಚ್ಚಿ ಯಾರೂ ಬಿಚ್ಚೂದಿಲ್ಲ. ಇದೊಂದ ನನ್ನ ಕೂಡ ಬರೂದು.”

ಡಾಕ್ಟರ ಮುಖ ಸಪ್ಪಗಾಯಿತು. ಮಗನನ್ನು ಹೊರಗೆ ಕಳಿಸಿ, ಸ್ಟೂಲು ಎಳೆದುಕೊಂಡು ಅವಳ ಎದುರು ಕೂತು ಅವಳಿಗೇ ವಿವರಿಸಿದರು. ಗಂಟು ಕೆಟ್ಟದ್ದಿರಬಹುದು, ಇಲ್ಲದಿರಬಹುದು; ತೆಗೆದು ಪರೀಕ್ಷೆಗೆ ಕಳಿಸದೆ ಗೊತ್ತಾಗುವುದಿಲ್ಲ. ಬಿಟ್ಟರೆ ಜೀವಕ್ಕೇ ಮುಳುವಾದೀತು. ತೆಗೆದರೆ ರಕ್ತ ಬರುತ್ತದೆ, ಕೀವಾಗಬಹುದು, ಕಲೆಯಂತೂ ಉಳಿಯುತ್ತದೆ. ದುಂಡಗೆ ಕೊಯ್ದು ಹೊಲಿದರೆ ತುದಿಯಲ್ಲಿ ಚರ್ಮ ಚೀಲದ ಬಾಯಿಯಂತೆ ಮಡಿಚಿಕೊಳ್ಳುತ್ತದೆ, ಅದಕ್ಕೇ ಎಲೆಯಾಕಾರ. ಚರ್ಮದ ಗೆರೆಗುಂಟ ಕೊಯ್ದರೆ ಕಲೆ ಸಣ್ಣದು, ಆದರೆ ಕಟ್ಟೆ ಹೋಗುತ್ತದೆ. ಅಡ್ಡ ಕೊಯ್ದರೆ ಕಲೆ ಅಗಲ, ದೀಪ ಮಾತ್ರ ಹೋಗುತ್ತದೆ.

“ಬ್ಯಾಡಂದ್ರ ಸಿಟ್ಟಾಗಂಗಿಲ್ಲೇನ್ರಿ?”

“ಇಲ್ಲವ್ವಾ. ಅಂಜಿಕಿ ಆಗ್ತೈತಿ, ಸಿಟ್ಟಲ್ಲ. ಮೈ ನಿಮ್ಮದು.”

ಮುದುಕಿ ಬಹಳ ಹೊತ್ತು ಕೈ ಸವರಿಕೊಂಡಳು. ಕೊನೆಗೆ ಕೈ ಮುಂದೆ ಚಾಚಿದಳು.

“ದೀಪ ಹೋಗ್ಲಿ, ಕಟ್ಟಿ ಇರ್ಲಿ.”

ಹಳೆಯ ಗುರುತು ಅಳಿಸಿ ಹೊಸದು ಹಾಕಿದರು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸ್ವಲ್ಪ ಕಾದು, ಚಿವುಟಿ ನೋಡಿ, “ನೋವಾತೇನು?” ಎಂದು ಕೇಳಿದ ಮೇಲೆಯೇ ಚಾಕುವಿಗೆ ಕೈ ಹಾಕಿದ್ದು. ಆಮೇಲೆ ನನ್ನ ಸರದಿ. ಸೂಜಿ ನೆಟ್ಟಗೆ ಇಳಿಯಬೇಕು, ಮಣಿಕಟ್ಟು ತಿರುವಿದಂತೆ ಆಚೆ ಅಷ್ಟೇ ದೂರದಲ್ಲಿ ಏಳಬೇಕು. ದಾರದ ಗಂಟು ತೀರಾ ಬಿಗಿದರೆ ಚರ್ಮಕ್ಕೆ ರಕ್ತ ಸಿಗದು. ಅಂಚಿಗೆ ಅಂಚು ಮುಟ್ಟಿದರೆ ಸಾಕು. ಕಟ್ಟೆಯ ಪಕ್ಕ ಹೊಲಿಯುವಾಗ ಡಾಕ್ಟರು ಉಸಿರು ಬಿಗಿಹಿಡಿದಿದ್ದರು, ನಾನು ಸೂಜಿಯನ್ನು. ಒಂದು ಚುಕ್ಕೆಯೂ ಕದಲಲಿಲ್ಲ.

ಪರೀಕ್ಷೆಯ ಫಲ ಬಂತು. ಗಂಟು ಕೆಟ್ಟದ್ದೇ, ಆದರೆ ಪೂರ್ತಿ ಹೊರಬಂದಿತ್ತು. ಹೊಲಿಗೆ ಬಿಚ್ಚಿದ ದಿನ ಫಕೀರವ್ವ ಕಟ್ಟೆಯನ್ನು ಮುಟ್ಟಿ ಮುಟ್ಟಿ ನೋಡಿ ನಕ್ಕಳು.

ಈಗ ನನ್ನ ಬಾಯಿಯ ಗೀರು ಸವೆದಿದೆ, ಸೂಜಿ ಜಾರುತ್ತದೆ. ಮಂದಾಕಿನಿ ಡಾಕ್ಟರು ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುತ್ತಾರೆ, ನನ್ನನ್ನೂ ಅಲ್ಲಿಗೆ ತಂದಿದ್ದಾರೆ. ಅವರ ವಿದ್ಯಾರ್ಥಿಗಳು ನನ್ನಿಂದ ಬಾಳೆಹಣ್ಣಿನ ಸಿಪ್ಪೆ ಹೊಲಿದು ಕಲಿಯುತ್ತಾರೆ. ಹೊಲಿಯುವ ಮುಂಚೆ ಬಾಳೆಹಣ್ಣಿಗೆ ಎಲ್ಲ ವಿವರಿಸಿ ಒಪ್ಪಿಗೆ ಕೇಳಬೇಕು. ಹುಡುಗರು ನಗುತ್ತಾರೆ. ಡಾಕ್ಟರು ನಗುವುದಿಲ್ಲ.

ಮೊನ್ನೆ ಯಲ್ಲಪ್ಪ ಕಾಲೇಜು ಹುಡುಕಿಕೊಂಡು ಬಂದ, ತಲೆಗೂದಲು ಬೆಳ್ಳಗಾಗಿತ್ತು. “ಅವ್ವ ವಯಸ್ಸಾಗಿ ತೀರಿಕೊಂಡ್ಲರಿ. ಬಂಗಾರ ಬಿಚ್ಚಿಕೊಂಡ್ವಿ. ಕೈ ಮಾತ್ರ, ಹಚ್ಚಿ ಎಲ್ಲಾರಿಗೂ ಕಾಣೂ ಹಂಗ, ಎದಿ ಮ್ಯಾಲಿಟ್ಟು ಮಣ್ಣು ಮಾಡಿದ್ವಿ.”

ಹಚ್ಚೆಯ ಜೊತೆ ನನ್ನ ಹೊಲಿಗೆಯ ಕಲೆಯೂ ಅವಳೊಂದಿಗೆ ಹೋಗಿದೆ. ಅದನ್ನೂ ಯಾರೂ ಬಿಚ್ಚಿಕೊಳ್ಳಲಿಲ್ಲ.