ತಿಕೋಟಾದ ದೊಡ್ಡ ಗಾಡಿ

ತಿಕೋಟಾದಲ್ಲಿ ‘ದೊಡ್ಡ ಗಾಡಿ ಚಂದ್ರಕಾಂತ’ ಎಂದರೆ ಸಾಕು, ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಮನೆ ತೋರಿಸುತ್ತಿದ್ದರು. ಆ ಹೆಸರಿಗೆ ಕಾರಣ ಅವನು ಎಂದೋ ಸೊಲ್ಲಾಪುರದ ಗಿರಣಿ ಮಾಲೀಕರೊಬ್ಬರಿಂದ ಕೊಂಡು ತಂದಿದ್ದ ಕಪ್ಪು ಕಾಂಟೆಸ್ಸಾ ಕಾರು. ಅದು ಓಣಿಗೆ ಬಂದ ಮೊದಲ ದಿನ ಎಮ್ಮೆಗಳು ಕೂಡ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟಿದ್ದವಂತೆ. ಸುತ್ತಲಿನ ಊರುಗಳ ಮದುಮಗಂದಿರು ಅದರಲ್ಲೇ ಕೂತು ಹೋಗಬೇಕೆಂದು ಹಟ ಹಿಡಿಯುತ್ತಿದ್ದರು. ತಿರುವಿನಲ್ಲಿ ಮೊದಲು ಅದರ ಮೂಗು ಬರುತ್ತದೆ, ಚಹಾ ಕುಡಿದು ಮುಗಿಸುವಷ್ಟರಲ್ಲಿ ಚಂದ್ರಕಾಂತ ಬರುತ್ತಾನೆ ಎಂದು ಜನ ಆಡಿಕೊಂಡರೆ ಅವನಿಗೆ ಅದು ಹೊಗಳಿಕೆಯೇ.

ಆ ಹೆಸರಿಗೆ ಪೆಟ್ಟು ಬಿದ್ದದ್ದು ವಿಜಯಪುರದ ಒಂದು ಬಟ್ಟೆ ಅಂಗಡಿಯ ಮುಂದೆ. ಅವನು ಕಾರು ನಿಲ್ಲಿಸಹೋದಾಗ ಕಾವಲುಗಾರ ಸೀಟಿ ಊದುತ್ತ ಓಡಿ ಬಂದ.

“ಸಣ್ಣ ಗಾಡಿ ಆ ಕಡಿ ಹಚ್ರಿ, ಕಾಕಾ. ಇದು ದೊಡ್ಡ ಗಾಡಿ ಜಾಗಾ.”

ಚಂದ್ರಕಾಂತ ಅತ್ತಿತ್ತ ನೋಡಿದ. ಎರಡೂ ಬದಿಗೆ ನಿಂತಿದ್ದ ಹೊಸ ಕಾರುಗಳ ಕಿಟಕಿ ತನ್ನ ಕಾರಿನ ತಲೆಗೆ ಸಮನಾಗಿತ್ತು. ಎರಡು ಕೋಣಗಳ ನಡುವೆ ಕರು ನಿಂತಂತಿತ್ತು ಅವನ ಕಾಂಟೆಸ್ಸಾ. ಪಕ್ಕದಲ್ಲಿದ್ದ ಹೆಂಡತಿ ಕಸ್ತೂರಿ ಸೆರಗು ಬಾಯಿಗೆ ಒತ್ತಿಕೊಂಡವಳು ತಿಕೋಟಾ ಬಂದರೂ ತೆಗೆಯಲಿಲ್ಲ.

ಅದೇ ತಿಂಗಳು ಕಸ್ತೂರಿಯ ತಮ್ಮ, ಬಬಲೇಶ್ವರದಲ್ಲಿ ಒಣದ್ರಾಕ್ಷಿ ವ್ಯಾಪಾರ ಮಾಡುವ ಸುಭಾಷ, ಅಂಥದೇ ಒಂದು ಎತ್ತರದ ಬಿಳಿ ಕಾರು ಕೊಂಡು ಅಕ್ಕನಿಗೆ ತೋರಿಸಲು ಬಂದ. ಓಣಿಯ ಜನ ಸುತ್ತ ಸೇರಿದರು. ಚಂದ್ರಕಾಂತ ಒಳಗೆ ಹೋಗಿ ಟೇಪು ತಂದು ಎರಡನ್ನೂ ಉದ್ದಕ್ಕೆ ಅಳೆದ. ಕಾಂಟೆಸ್ಸಾ ಒಂದು ಗೇಣು ಹೆಚ್ಚು. ಅದನ್ನು ನಾಲ್ಕು ಮನೆಗೆ ಕೇಳುವಂತೆ ಹೇಳಿದ. ಅಗಲ, ಎತ್ತರವನ್ನೂ ಒಮ್ಮೆ ನೋಡಿಬಿಡೋಣ ಎಂದು ಸುಭಾಷ ಮೆಲ್ಲಗೆ ಅನ್ನುವಷ್ಟರಲ್ಲಿ, ಬಿಸಿಲು ಏರುತ್ತಿದೆ ಎಂದು ಟೇಪು ಸುತ್ತಿಕೊಂಡು ಒಳಗೆ ನಡೆದ.

ಆದರೆ ಅಗಲ, ಎತ್ತರ ಎರಡೂ ಅವನ ತಲೆಯಲ್ಲಿ ಕೂತವು. ಅವನ ಮನೆಯ ಅಂಗಳಕ್ಕೆ ಹೋಗಲು ಹಳೆಯ ಕಲ್ಲಿನ ಬಾಗಿಲೊಂದಿತ್ತು. ರಸ್ತೆಯ ಮೇಲೆ ರಸ್ತೆ ಹಾಕಿ ಓಣಿ ಮೇಲೇರಿದಂತೆ ಬಾಗಿಲು ಗಿಡ್ಡಾಗುತ್ತ ಬಂದಿತ್ತು. ಕಾಂಟೆಸ್ಸಾಗೆ ಅದು ಈಗಲೂ ಸಲೀಸು.

ಇಬ್ರಾಹಿಂಪುರದ ಗ್ಯಾರೇಜ್ ಮೇಸ್ತ್ರಿ ಅಬ್ದುಲಗನಿಯ ಮಗಳು ತಸ್ಲೀಮಳ ಮದುವೆ ವಿಜಯಪುರದಲ್ಲಿ ಗೊತ್ತಾಯಿತು. ಕಾಂಟೆಸ್ಸಾ ಇಷ್ಟು ಕಾಲ ಉಸಿರಾಡಿದ್ದು ಅಬ್ದುಲಗನಿಯ ಕೈಗುಣದಿಂದ. ಎರಡೂ ಮನೆಗೆ ಕರೆ ಬಂದಿತ್ತು. ಚಂದ್ರಕಾಂತ ಭಾಮೈದನಿಗೆ ಫೋನು ಮಾಡಿ, ಎಲ್ಲರೂ ನಮ್ಮಲ್ಲಿಗೇ ಬನ್ನಿ, ನಾಷ್ಟಾ ಮಾಡಿ ಕೂಡಿ ಹೋಗೋಣ, ಕಾರು ಅಂಗಳದ ನೆರಳಿಗೇ ತಂದು ನಿಲ್ಲಿಸು ಎಂದು ಬಹಳ ಪ್ರೀತಿಯಿಂದ ಹೇಳಿದ. ಸುಭಾಷ ಬಾಗಿಲ ಮುಂದೆ ಇಳಿದು, ಕತ್ತೆತ್ತಿ ನೋಡಿ, ‘ನಮ್ಮದು ಹೋಗೂದಿಲ್ಲ ಮಾಮಾ’ ಎನ್ನಬೇಕು. ಅಷ್ಟೇ ಅವನ ಆಸೆ. ಅದನ್ನು ಕೇಳಲು ಎದುರು ಮನೆಯವರಿಗೆ ಕಟ್ಟೆಯ ಮೇಲೆ ಕುರ್ಚಿಯನ್ನೂ ಹಾಕಿಸಿದ್ದ.

ಸುಭಾಷ ಬಂದ. ಜೊತೆಗೆ ಹೆಂಡತಿ ಲಕ್ಷ್ಮಿ, ಮೂವರು ದಪ್ಪನೆಯ ಅತ್ತೆಯರು, ಅಕ್ಕನಿಗೆಂದು ಎರಡು ಚೀಲ ಉಳ್ಳಾಗಡ್ಡಿ. ಗುಂಡಿ ಒತ್ತಿದ, ಕಾರಿನ ಕನ್ನಡಿಗಳು ಕಿವಿಯಂತೆ ಮಡಚಿಕೊಂಡವು, ಕಾರು ಕಲ್ಲಿಗೆ ಬೆರಳು ಅಂತರದಲ್ಲಿ ನುಸುಳಿ ಅಂಗಳಕ್ಕೆ ಬಂದುಬಿಟ್ಟಿತು. ಕಟ್ಟೆಯ ಮೇಲಿದ್ದವರು ತಲೆದೂಗಿದರು. ಚಂದ್ರಕಾಂತ ನಾಷ್ಟಾಕ್ಕೆ ಕೂತರೂ ಕಣ್ಣು ಬಾಗಿಲ ಮೇಲೇ ಇತ್ತು.

ಹೊರಡುವಾಗ ಹೆಂಗಸರು ಇನ್ನೂ ಸೀರೆ ಸರಿಪಡಿಸಿಕೊಳ್ಳುತ್ತಿದ್ದರು. ಸುಭಾಷ ತಾನೊಬ್ಬನೇ ಕೂತು ಕಾರನ್ನು ತಿರುಗಿಸಿ ಹೊರಗೆ ತೆಗೆಯಹೋದ. ಬಾಗಿಲ ನಡುವೆ ‘ಕಿರ್’ ಎಂದಿತು. ಕಾರಿನ ನೆತ್ತಿಯ ಸರಳು ಬಾಗಿಲ ಮೇಲ್ಗಲ್ಲಿಗೆ ಕಚ್ಚಿ, ಅದು ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಎರಡೂ ಬದಿಗೆ ಗೋಡೆ. ಅವನು ಇಳಿಯುವಂತೆಯೂ ಇಲ್ಲ.

ಚಂದ್ರಕಾಂತನಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದು ನಗುತ್ತ ಹಿಂದೆ ತಿರುಗಿದವನಿಗೆ ಅಂಗಳದಲ್ಲಿ ನಿಂತಿದ್ದ ಸ್ವಂತ ಕಾರು ಕಾಣಿಸಿತು. ಅದು ಹೊರಗೆ ಹೋಗಲು ಇದ್ದದ್ದೂ ಅದೇ ಬಾಗಿಲು. ನಗು ಅಲ್ಲಿಗೇ ನಿಂತಿತು.

ಕಸ್ತೂರಿ ಮಾತ್ರ ಸೊಂಟಕ್ಕೆ ಕೈಯಿಟ್ಟು ಕಾರಿನ ನೆತ್ತಿಯನ್ನೇ ನೋಡಿದಳು.

“ಬರೂಮುಂದ ಮಂದಿ ಇದ್ರು, ಚೀಲ ಇದ್ವು. ಈಗ ಖಾಲಿ ಆಗಿ ಮ್ಯಾಲೆದ್ದೈತಿ. ಹಿಂದಿನ ಬಾಗಿಲಾ ತಗೀರಿ, ಎಲ್ಲಾರೂ ಹತ್ರಿ.”

ಸುಭಾಷ ಒಳಗಿಂದಲೇ ಹಿಂಬದಿಯ ಬಾಗಿಲು ತೆರೆದ. ಸ್ಟೂಲು ಇಟ್ಟರು. ರೇಷ್ಮೆ ಸೀರೆಯ ಅತ್ತೆಯರು ಒಬ್ಬರ ಹಿಂದೆ ಒಬ್ಬರು ಡಿಕ್ಕಿಯಿಂದ ಒಳಗೆ ತೆವಳಿ, ಸೀಟು ದಾಟಿ ಕೂತರು. ಲಕ್ಷ್ಮಿ ಹತ್ತಿದಳು, ಕಸ್ತೂರಿಯೂ ಹತ್ತಿದಳು. ಕಾರು ತಗ್ಗಿತು, ಆದರೂ ಕೂದಲೆಳೆಯಷ್ಟು ಸಾಲದು. ಕಸ್ತೂರಿಯ ಕಣ್ಣು ಗಂಡನ ಹೊಟ್ಟೆಯ ಮೇಲೆ ನಿಂತಿತು.

“ನೀವೂ ಬರ್ರಿ.”

ಬೇರೆ ದಾರಿ ಇರಲಿಲ್ಲ. ಇಸ್ತ್ರಿ ಮಾಡಿದ ಧೋತರ, ಕೋಟು, ಅತ್ತರು ಸಮೇತ ಚಂದ್ರಕಾಂತ ಡಿಕ್ಕಿಯಲ್ಲಿ ಕಾಲು ಇಳಿಬಿಟ್ಟು ಕೂತ. ಕಾರು ಬೆರಳಷ್ಟು ಕುಸಿದು, ಕಲ್ಲು ಬಿಟ್ಟು, ಮೆಲ್ಲಗೆ ಹೊರಗೆ ಉರುಳಿತು. ತಾನೇ ಹಾಕಿಸಿದ ಕುರ್ಚಿಗಳಲ್ಲಿ ಕೂತವರ ಎದುರು, ತಿಕೋಟಾದ ದೊಡ್ಡ ಗಾಡಿಯ ಯಜಮಾನ ಭಾಮೈದನ ಡಿಕ್ಕಿಯಲ್ಲಿ ಮೆರವಣಿಗೆ ಬಂದ. ಅವರು ನಗಲಿಲ್ಲ, ಎದ್ದು ನಿಂತು ನಮಸ್ಕಾರ ಮಾಡಿದರು. ನಕ್ಕಿದ್ದರೆ ಚೆನ್ನಾಗಿತ್ತು.

ಒಳಗಿದ್ದವರು ಇಳಿಯಲು ಒಪ್ಪಲಿಲ್ಲ. ತಂಪು ಗಾಳಿ ಬರುತ್ತದೆ, ಕೂತಲ್ಲಿಂದಲೇ ಹೊಲದ ಕೊನೆಯವರೆಗೆ ಕಾಣುತ್ತದೆ ಎಂದರು. ಕಸ್ತೂರಿ ಕೂಡ ಕಿಟಕಿ ಏರಿಸಿಕೊಂಡಳು. ಚಂದ್ರಕಾಂತ ಒಬ್ಬನೇ ಅಂಗಳಕ್ಕೆ ಮರಳಿದ. ಕಾಂಟೆಸ್ಸಾದ ಮುಂದಿನ ಸೀಟಿನಲ್ಲಿ ತಾಯಿ ಬೋರವ್ವ ಆಗಲೇ ಕೂತಿದ್ದಳು. ಆ ವಯಸ್ಸಿನಲ್ಲಿ ಡಿಕ್ಕಿ ಹತ್ತುವುದು ತನ್ನಿಂದಾಗದೆಂದು ಅವಳು ಗದ್ದಲದ ಹತ್ತಿರವೂ ಬಂದಿರಲಿಲ್ಲ.

“ಬೇಕಂತ ಒಳಗ ಕರ್ದಿದ್ದಿ, ಹೌದಲ್ಲೋ?” ಎಂದಳು.

ಅವನು ಕೀಲಿ ತಿರುವಿದ. ಊರು ದಾಟಿದ ಮೇಲೆ ಸುಭಾಷನ ಕಾರು ಸಿಕ್ಕಿತು. ಹೊಸ ಬಣ್ಣಕ್ಕೆ ಬಿದ್ದ ಗೀರಿನ ನೋವಿನಲ್ಲಿ ಅವನು ಎತ್ತಿನ ಗಾಡಿಯಂತೆ ಹೊಡೆಯುತ್ತಿದ್ದ. ಮುಂದಿನ ಗಾಜಿನ ತುಂಬ ಅವನ ಕಾರಿನ ಬೆನ್ನೇ ಬೆನ್ನು.

“ಮುಂದ ಹಾಕು. ನನಗ ದಾರಿ ಕಾಣವಲ್ದು,” ಎಂದಳು ಬೋರವ್ವ.

ಚಂದ್ರಕಾಂತ ಒತ್ತಿದ. ಕಾಂಟೆಸ್ಸಾ ಕೆಮ್ಮಿ, ಹೊಗೆ ಬಿಟ್ಟು, ಬಲಕ್ಕೆ ಹೊರಳಿತು. ಮೇಲಿನ ಕಿಟಕಿಯಿಂದ ಅತ್ತೆಯರು ಬಗ್ಗಿ ಕೈಬೀಸಿದರು. ಅವರ ಮುಖ ನೋಡಲು ಅವನು ತಾಯಿಯ ಕಡೆ ಬಾಗಿ ಕತ್ತೆತ್ತಬೇಕಾಯಿತು. ಬೋರವ್ವ ಮಾತ್ರ ಆ ಕಡೆ ತಿರುಗಲೂ ಇಲ್ಲ. ಸೆರಗು ತಲೆ ಮೇಲೆ ಎಳೆದುಕೊಂಡು ನೆಟ್ಟಗೆ ಮುಂದಿನ ಖಾಲಿ ದಾರಿಯನ್ನೇ ನೋಡುತ್ತ ಕೂತಿದ್ದಳು.