ಎಳೆದು ಕಟ್ಟಿದ ತಂತಿ

ಹೊಗೆಯೊಳಗಿನಿಂದ ಏನೋ ಒಂದು ಸರ್ರನೆ ಮೇಲಕ್ಕೆ ಹೋಯಿತು. ಕ್ಯಾಮೆರಾದವನು ಅದರ ಬೆನ್ನು ಹತ್ತಿದ. ಉಡಾವಣಾ ಕೇಂದ್ರದ ಕಾಂಕ್ರೀಟು ಕೋಣೆಯೊಳಗೆ ಉಸಿರು ಬಿಗಿಹಿಡಿದು ಟೀವಿ ನೋಡುತ್ತಿದ್ದವರಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಮೆರ್ಲ್ ಟ್ಯಾಲಿಯೂ ತಟ್ಟಿದ. ರಾಕೆಟ್ಟಿನ ಬುಡದ ತಂತಿ ಕೆಲಸ ಅವನದು. ತಟ್ಟುವ ಹಕ್ಕು ಅವನಿಗೂ ಇತ್ತು.

ಹೊಗೆ ತಿಳಿಯಾದ ಮೇಲೆ ನೋಡಿದರೆ ರಾಕೆಟ್ಟು ನಿಂತಲ್ಲೇ ನಿಂತಿತ್ತು. ಹೋದದ್ದು ಅದರ ತಲೆಯ ಮೇಲಿನ ಸಣ್ಣ ಗೋಪುರ ಮಾತ್ರ. ಮುಂದೆ ಒಳಗೆ ಮನುಷ್ಯ ಕೂತಾಗ, ಅಪಾಯವೆಂದರೆ ಅವನನ್ನು ಎಳೆದುಕೊಂಡು ಪಾರಾಗಲಿ ಎಂದು ಇಟ್ಟದ್ದು. ಅದು ಯಾರನ್ನೂ ಕರೆಯದೆ ತಾನೊಂದೇ ಓಡಿಹೋಗಿತ್ತು. ಎಲ್ಲರೂ ಬಾಯಿಬಿಟ್ಟು ನೋಡುತ್ತಿದ್ದಂತೆ ತುದಿಯಿಂದ ಪ್ಯಾರಾಚೂಟೊಂದು ಪುಸಕ್ಕನೆ ಹೊರಬಂದು, ಒಣಹಾಕಿದ ಬೆಡ್‌ಶೀಟಿನ ಹಾಗೆ ಜೋತುಬಿತ್ತು. ಮೆರ್ಲ್‌ಗೆ ನಗು ಬಂತು, ಮರುಗಳಿಗೆಯೇ ಭಯವಾಯಿತು. ಹೊಟ್ಟೆ ತುಂಬ ಇಂಧನವಿರುವ ರಾಕೆಟ್ಟು ಅದು. ಗಾಳಿ ಪ್ಯಾರಾಚೂಟನ್ನು ಹಿಡಿದೆಳೆದರೆ ಎಲ್ಲವೂ ಮಗುಚಿಬೀಳುತ್ತಿತ್ತು.

ಜರ್ಮನಿಯಿಂದ ಬಂದ ಎಂಜಿನಿಯರುಗಳು ಗಾಬರಿಯಲ್ಲಿ ಜರ್ಮನ್ನಿನಲ್ಲೇ ಕೂಗಾಡತೊಡಗಿದರು.

"ನಮಗೂ ಅರ್ಥ ಆಗೋ ಭಾಷೇಲಿ ಕೂಗಾಡ್ರಪ್ಪ," ಎಂದ ಹ್ಯಾಲೊರನ್. ಉಡಾವಣೆಯ ಮುಖ್ಯಸ್ಥ ಅವನು. "ನಾವೂ ಸ್ವಲ್ಪ ಹೆದರ್ಕೋತೀವಿ."

ಬಂದೂಕಿನಿಂದ ಟ್ಯಾಂಕಿಗೆ ತೂತು ಹೊಡೆದು ಇಂಧನ ಸುರಿಸೋಣ ಎಂದೊಬ್ಬ. ಅವನನ್ನು ಸುಮ್ಮನಾಗಿಸಿದರು. ಒಳಗಿನ ಬ್ಯಾಟರಿಗಳು ತಾವಾಗಿ ಬರಿದಾಗುವವರೆಗೆ ಯಾರೂ ಹತ್ತಿರ ಸುಳಿಯಬಾರದು ಎಂದು ಕೊನೆಗೆ ತೀರ್ಮಾನವಾಯಿತು.

ಆ ಹೊತ್ತಿಗೆ ಕಾರಣವೂ ಅರೆಬರೆ ಗೊತ್ತಾಗಿತ್ತು. ಬುಡದಿಂದ ಎರಡು ತಂತಿ ಕಳಚಿಕೊಳ್ಳಬೇಕು: ಮೊದಲು ಅಪ್ಪಣೆ ಹೊರುವ ತಂತಿ, ಆಮೇಲೆ ಅರ್ತಿಂಗ್ ತಂತಿ. ರಾಕೆಟ್ಟು ಗೇಣುದ್ದವೂ ಏಳುವ ಮೊದಲೇ, ಅಪ್ಪಣೆಯ ತಂತಿಗಿಂತ ಮುಂಚೆ ಅರ್ತಿಂಗ್ ಕಳಚಿತ್ತು. ಕ್ರಮ ತಪ್ಪಿದ್ದಕ್ಕೆ, ಹಾರಾಟ ಮುಗಿಯಿತೆಂದುಕೊಂಡು ರಾಕೆಟ್ಟು ಎಂಜಿನ್ ಆರಿಸಿ, ಇನ್ನು ಬೇಡವೆಂದು ಗೋಪುರವನ್ನು ಕಳಿಸಿ ಕೂತುಬಿಟ್ಟಿತ್ತು.

ಮೆರ್ಲ್‌ಗೆ ಕೂತ ಕಡೆ ಕೂರಲಾಗಲಿಲ್ಲ. ಆ ಅರ್ತಿಂಗ್ ತಂತಿ ಸಡಿಲವಾಗಿ ಜೋತು ಎಲ್ಲರ ಕಾಲಿಗೆ ತೊಡರುತ್ತಿತ್ತು. ಅವನು ಹೆಚ್ಚುವರಿ ಉದ್ದವನ್ನು ಮಡಿಚಿ, ಮೇಣದ ದಾರದಿಂದ ಒಂದೊಂದೇ ಗಂಟು ಹಾಕಿ ಬಿಗಿದಿದ್ದ. ಹೂಕಟ್ಟುವವರೂ ಮೆಚ್ಚಬೇಕು, ಹಾಗೆ. ಅವನ ಮೇಲ್ವಿಚಾರಕ ಎಕ್‌ಹಾರ್ಟ್ ಲೋಡೆ, ಅಚ್ಚುಕಟ್ಟಿಗೆ ಪ್ರಾಣ ಬಿಡುವ ಮುದುಕ, ಉಳಿದ ಹುಡುಗರನ್ನೆಲ್ಲ ಕರೆದು ತೋರಿಸಿದ್ದ. "ನೋಡ್ರೋ, ಕೆಲಸ ಅಂದ್ರೆ ಇದು." ಅಂದಿನಿಂದ ರಾಕೆಟ್ಟು ಜೋಡಿಸುವ ಶೆಡ್ಡಿನಲ್ಲಿ ಎಲ್ಲರೂ ಹಾಗೇ ಕಟ್ಟುತ್ತಿದ್ದರು. ಆ ಸಡಿಲವನ್ನು ಬೇಕೆಂದೇ ಬಿಟ್ಟಿದ್ದರೆ? ಇಲ್ಲ, ಬಿಟ್ಟಿರಲಿಕ್ಕಿಲ್ಲ. ಬಿಟ್ಟಿದ್ದರೆ ಲೋಡೆಗೆ ಗೊತ್ತಿರುತ್ತಿತ್ತು. ಹೀಗೆ ಹೇಳಿಕೊಂಡರೂ ಅವನಿಗೇ ನಂಬಿಕೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಬ್ಯಾಟರಿ ಸತ್ತಿರಬೇಕು ಎಂದಾಗ, ಬುಡಕ್ಕೆ ಹೋಗಿ ನೋಡಲು ಮೆರ್ಲ್ ತಾನಾಗಿ ಮುಂದೆ ಬಂದ. ಎಲ್ಲರೂ ಅವನ ಧೈರ್ಯ ಮೆಚ್ಚಿದರು. ಜೇಬಿನಲ್ಲಿದ್ದ ಚಾಕು ಯಾರಿಗೂ ಕಾಣಲಿಲ್ಲ.

ಲೋಡೆಯೂ ಜೊತೆಗೆ ಬಂದ. ಹ್ಯಾಲೊರನ್ ದೂರದಲ್ಲಿ ಟ್ರಕ್ಕಿನ ಹತ್ತಿರ ನಿಂತ. ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿದರೆ, ಅರ್ತಿಂಗ್ ತಂತಿಯ ಪ್ಲಗ್ಗು ಕಳಚಿ ಬಿದ್ದಿತ್ತು. ಗಂಟುಗಳು ಒಂದೂ ಬಿಚ್ಚಿರಲಿಲ್ಲ. ಆ ಮಡಿಕೆ ಬಿಚ್ಚಿಕೊಂಡಿದ್ದರೆ ತಂತಿಗೆ ಗೇಣುದ್ದ ಸಿಗುತ್ತಿತ್ತು. ಅಷ್ಟೇ ಸಾಕಾಗುತ್ತಿತ್ತು.

"ಕತ್ತರಿಸು," ಎಂದ ಲೋಡೆ, ತಲೆಯೆತ್ತದೆ. "ಬೇಗ. ನಾನು ಅಡ್ಡ ನಿಂತ್ಕೋತೀನಿ."

"ನಿಮಗೆ ಗೊತ್ತಿತ್ತಾ?"

"ನಿನ್ನೆಯಿಂದ ಗೊತ್ತು. ಅದಕ್ಕೂ ಮೊದ್ಲು..." ಮುದುಕ ಟ್ರಕ್ಕಿನ ಕಡೆಗೊಮ್ಮೆ ನೋಡಿದ. "ಚೆಂದ ಕಾಣ್ತಿತ್ತು, ಮೆರ್ಲ್. ನನ್ನ ತಲೆಗೆ ಹೋಗ್ಲೇ ಇಲ್ಲ."

ಮೆರ್ಲ್ ಚಾಕು ಬಿಚ್ಚಿದ. ದಾರಕ್ಕೆ ಅಲಗು ತಾಗಿಸಿದ. ಕತ್ತರಿಸಿದರೆ ಕೆಲಸ ಉಳಿಯುತ್ತಿತ್ತು, ಮುದುಕನ ಮಾನವೂ ಉಳಿಯುತ್ತಿತ್ತು. ಆದರೆ ಶೆಡ್ಡಿನಲ್ಲಿ ಮುಂದಿನ ರಾಕೆಟ್ಟುಗಳ ತಂತಿಗಳೆಲ್ಲ ಇದೇ ಗಂಟಿನಲ್ಲಿ ಬಿಗಿದು ಕೂತಿದ್ದವು. ಅವನ್ನು ಯಾರಿಗೂ ಹೇಳದೆ ಬಿಚ್ಚುವುದು ಹೇಗೆ? ಮೆಚ್ಚಿಕೊಂಡು ಕಲಿತ ಹುಡುಗರಿಗೆ ಮರೆಯಿರಿ ಎನ್ನುವುದು ಹೇಗೆ? ಆ ರಾಕೆಟ್ಟುಗಳಲ್ಲೊಂದರ ತುದಿಗೆ ಮನುಷ್ಯ ಹತ್ತಿ ಕೂರುತ್ತಾನೆ.

"ಅಲ್ಲೇನ್ರೀ ಪೂಜೆ?" ಹ್ಯಾಲೊರನ್ ಕೂಗಿದ.

"ಸಾರ್, ನೀವೇ ಬಂದು ನೋಡ್ಬೇಕು," ಎಂದ ಮೆರ್ಲ್. ಅವನ ದನಿ ಅವನಿಗೇ ಬೇರೆಯವರದೆನಿಸಿತು.

ಹ್ಯಾಲೊರನ್ ಬಂದು, ಮಂಡಿಯೂರಿ, ಗಂಟುಗಳ ಮೇಲೆ ಬೆರಳಾಡಿಸಿದ. "ಇದನ್ನ ಕಟ್ಟಿದ್ದ್ಯಾರು?"

"ನಾನು ಸಾರ್."

"ಕಟ್ಟು ಅಂತ ಹೇಳಿದ್ದು?"

ಮೆರ್ಲ್ ಚಾಕು ಮಡಿಚಿ ಜೇಬಿಗಿಳಿಸಿದ.

"ನಾನು," ಎಂದ ಲೋಡೆ. "ಎಲ್ಲಾದಕ್ಕೂ ಹೀಗೇ ಕಟ್ಟಿ ಅಂದೆ. ಶೆಡ್ಡಲ್ಲಿ ಇರೋದಕ್ಕೂ."

ಹ್ಯಾಲೊರನ್ ಇಬ್ಬರ ಮುಖವನ್ನೂ ನೋಡಿದ. ಬೈಯಲು ಬಾಯಿ ತೆರೆದು ಮುಚ್ಚಿಕೊಂಡ. "ಮನೆಗೆ ಹೋಗಿ. ನಾಳೆ ಬೆಳಿಗ್ಗೆ ಬನ್ನಿ," ಎಂದು ಟ್ರಕ್ಕಿನ ಕಡೆ ದಾಪುಗಾಲು ಹಾಕಿದ.

ಗೇಟಿನ ಹೊರಗೆ ಕಾರಿನ ಹತ್ತಿರ ಬಂದ ಮೇಲೆ ಲೋಡೆ ನಿಂತ. "ನಂಗೆ ಸರಿಯಾಗಿ ತಿಳೀಲಿಲ್ಲ. ಬನ್ನಿ ಅಂದಿದ್ದು ಕೆಲಸಕ್ಕೋ, ಲೆಕ್ಕ ಚುಕ್ತಾ ಮಾಡೋಕೋ?"

"ನಂಗೂ ತಿಳೀಲಿಲ್ಲ, ಲೋಡೆಯವ್ರೆ."

"ನಾಳೆ ಹತಾರದ ಪೆಟ್ಟಿಗೆ ತರ್ಬೇಕಾ, ಬೇಡ್ವಾ?"

ಮೆರ್ಲ್ ಯೋಚಿಸಿದ. ಕಡಲಿನ ಗಾಳಿಗೆ ಅವನ ಕಣ್ಣಲ್ಲಿ ನೀರಾಡುತ್ತಿತ್ತು.

"ತನ್ನಿ," ಎಂದ.

ಲೋಡೆ ಕಾರಿನೊಳಗಿಂದ ಪೆಟ್ಟಿಗೆ ತೆಗೆದು, ಬಾನೆಟ್ಟಿನ ಮೇಲಿಟ್ಟು ತೆರೆದು, ಕರವಸ್ತ್ರದಿಂದ ಇಕ್ಕಳಗಳನ್ನು ಒಂದೊಂದಾಗಿ ಒರೆಸತೊಡಗಿದ.