ಮಾರ್ಚ್‌ವರೆಗಿನ ಅಂದಾಜು

ವಿಜಯದಶಮಿಯ ಮರುದಿನ ಬೆಳಿಗ್ಗೆ, ಹೊಳೆನರಸೀಪುರದ ಮನೆಯಲ್ಲಿ ನಾನು ಪೂಜೆಗೆ ಕುಳಿತಿದ್ದಾಗ ಹಾಸನದಿಂದ ಸೊಸೆ ರೂಪಶ್ರೀಯ ಫೋನು ಬಂತು. ರಾತ್ರಿ ಮಲಗಿದ ನನ್ನ ಮಗ ಜಯಂತ್ ಏಳಲಿಲ್ಲವಂತೆ. ಅವನು ಅಲ್ಲಿನ ಒಂದು ಕಾರ್ಖಾನೆಯಲ್ಲಿ ಮ್ಯಾನೇಜರ್ ಆಗಿದ್ದ. ಉಟ್ಟ ಮಡಿಯಲ್ಲೇ ಬಸ್ ಹತ್ತಿದೆ.

ಅವರಿಗೆ ಮಕ್ಕಳಿಲ್ಲ. ಕರ್ಮವನ್ನೆಲ್ಲ ನಾನೇ ಮಾಡಿದೆ.

ವೈಕುಂಠ ಸಮಾರಾಧನೆ ಮುಗಿದ ಮೇಲೆ ರೂಪಶ್ರೀ ಅವನ ಕೊನೆಯ ಸಂಬಳದ ಚೀಟಿ ತೋರಿಸಿದಳು. ಆಯುಧಪೂಜೆಯ ಬೋನಸ್ ಅದರಲ್ಲೇ ಸೇರಿತ್ತು. ತೆರಿಗೆಯೆಂದು ಹಿಡಿದದ್ದು ಹಿಂದಿನ ತಿಂಗಳುಗಳಿಗಿಂತ ಬಹಳ ಹೆಚ್ಚು. ಹಳೆಯ ಬಾಕಿಗೆಂದೇ ಹೀಗೆ ಹಿಡಿದಿರಬೇಕು, ಇನ್ನೂ ಎಷ್ಟು ಉಳಿದಿದೆಯೋ ಎಂದುಕೊಂಡೆ. ಸರ್ಕಾರಕ್ಕೆ ಕಟ್ಟಬೇಕಾದದ್ದನ್ನು ಉಳಿಸಿಕೊಂಡೇ ಹೋದನೇ? ಸಾಲ ಹೊತ್ತು ಹೋದ ಜೀವಕ್ಕೆ ಸದ್ಗತಿ ಹೇಗೆ? ನಾನು ಹಾಕಿದ ಎಳ್ಳುನೀರು ಅವನಿಗೆ ಮುಟ್ಟಿತೋ ಇಲ್ಲವೋ ಎಂಬ ಚಿಂತೆ ಹತ್ತಿತು. ಊಟ ಸೇರದಾಯಿತು.

ನನ್ನ ಸ್ಥಿತಿ ನೋಡಲಾರದೆ ರೂಪಶ್ರೀ ಕಾರ್ಖಾನೆಯ ಲೆಕ್ಕಪತ್ರ ನೋಡುವ ಸಿದ್ದರಾಜುವನ್ನು ಕರೆಸಿದಳು. ಹಳೇಕೋಟೆಯ ಕಡೆಯವನು, ಜಯಂತನ ಗೆಳೆಯ.

"ಬಾಕಿ ಎಷ್ಟಿದೆಯಪ್ಪಾ? ನನ್ನ ಪಿಂಚಣಿಯಲ್ಲಿ ಕಟ್ತೀನಿ" ಎಂದೆ.

"ಬಾಕಿನಾ? ನಿಮ್ಮ ಮಗನಾ? ಯಾರತ್ರನೂ ಒಂದು ಟೀ ಬಾಕಿ ಇಟ್ಕೊಂಡೋರಲ್ಲ ಸಾ. ನಾನೇ ಅವ್ರಿಗೆ ಮಸಾಲೆ ದೋಸೆ ಕೊಡಿಸ್ಬೇಕಿತ್ತು."

"ನೀವು ಅದನ್ನ ಮರ್ತೇಬಿಟ್ರಿ ಅಂತ ಬೈತಿದ್ರು" ಎಂದಳು ರೂಪಶ್ರೀ. ಅಷ್ಟು ದಿನಗಳಲ್ಲಿ ಅವಳ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು.

"ನೋಡಿ ಸಾ, ಬೋನಸ್ಸಿಗೆ ಅಂತ ಬೇರೆ ತೆರಿಗೆ ಇಲ್ಲ. ಅದೂ ಸಂಬಳದ ಲೆಕ್ಕಕ್ಕೇ. ವರ್ಷಕ್ಕೆ ಇಷ್ಟು ಸಂಬಳ ಬತ್ತದೆ ಅಂತ ಏಪ್ರಿಲ್‌ನಲ್ಲೇ ಅಂದಾಜು ಮಾಡ್ತೀವಿ. ಅದರ ತೆರಿಗೇನ ತಿಂಗಳು ತಿಂಗಳೂ ಅಂಚಿ ಇಡೀತೀವಿ. ಬೋನಸ್ ಸೇರಿದ್ರೆ ವರ್ಷದ ಮೊತ್ತ ಜಾಸ್ತಿ ಆಯ್ತದಲ್ಲ, ಅದ್ಕೆ ಬೀಳೋದ್ನ ನಮ್ಮಲ್ಲಿ ಆ ತಿಂಗ್ಳೇ ಇಡಿದ್ಬುಡ್ತೀವಿ. ಇದು ಹಳೇ ಬಾಕಿ ಅಲ್ಲ, ಮುಂಚೇನೇ ಕಟ್ಟೋದು." ಚೀಟಿಯನ್ನು ಮಡಿಸುತ್ತ, "ಮಾರ್ಚ್ ತನಕ ಇರ್ತಾರೆ ಅಂತ್ಲೇ ಸಾ ನಾನು ಲೆಕ್ಕ ಆಕಿದ್ದು" ಎಂದ.

ನಾನೂ ಹಾಗೆಯೇ ಅಂದುಕೊಂಡಿದ್ದೆ.

"ಈಗ ಸಂಬಳ ಅರ್ಧ ವರ್ಷಕ್ಕೇ ನಿಂತೋಯ್ತು. ಅಷ್ಟಕ್ಕೆ ತೆರಿಗೇನೇ ಬೀಳಾಕಿಲ್ಲ. ವಾರಸುದಾರರು ಅಂತ ಅಮ್ಮಾವ್ರು ತೆರಿಗೆ ಇಲಾಖೆಗೆ ಅರ್ಜಿ ಆಕಿ, ಮಾರ್ಚ್ ಕಳೆದ ಮೇಲೆ ಲೆಕ್ಕ ಒಪ್ಪಿಸಿದ್ರೆ ಇಡಿದಿದ್ದೆಲ್ಲ ವಾಪಸ್ ಬತ್ತದೆ."

ಎದೆಯ ಮೇಲಿನ ಭಾರ ಇಳಿಯಿತು. "ಸರ್ಕಾರದಲ್ಲೇ ಇರ್ಲಿ ಬಿಡಪ್ಪ. ಹೋದವನ ಹೆಸರಲ್ಲಿ ಕೈ ಚಾಚೋದು ಬೇಡ" ಎಂದೆ.

"ಮಾವ, ಕೊಡೋದು ಉಳಿದ್ರೆ ಜೀವಕ್ಕೆ ನೆಮ್ಮದಿ ಇಲ್ಲ ಅಂದ್ರಿ. ಬರೋದು ಉಳಿದ್ರೆ ಮಾತ್ರ ಇರುತ್ತಾ?" ಎಂದು ಕೇಳಿದಳು ರೂಪಶ್ರೀ.

ನ್ಯಾಯವಾದ ಮಾತು. ಒಪ್ಪಿಕೊಂಡೆ. ಆ ದಿನ ಮೂವರೂ ಒಟ್ಟಿಗೆ ಊಟ ಮಾಡಿದೆವು.

ಮುಂದಿನ ಆಷಾಢದಲ್ಲಿ ಹಣ ಅವಳ ಖಾತೆಗೆ ಬಂತು. ವರ್ಷಾಬ್ದಿಕದ ದಿನ ಹೇಮಾವತಿಯಲ್ಲಿ ನಿಂತು, ಈ ಸಲ ಮುಟ್ಟುವುದೆಂಬ ನಂಬಿಕೆಯಿಂದ ಎಳ್ಳುನೀರು ಬಿಟ್ಟೆ. ಸ್ವಾಮಿ ಲಕ್ಷ್ಮೀನರಸಿಂಹಾ, ನನ್ನ ಮಗ ಯಾರಿಗೂ ಕೊಡಬೇಕಾದದ್ದಿಲ್ಲ, ಯಾರಿಂದಲೂ ಬರಬೇಕಾದದ್ದಿಲ್ಲ. ಅವನನ್ನು ನಿನ್ನ ಪಾದದ ಬಳಿ ನೆಮ್ಮದಿಯಾಗಿ ಇರಿಸಿಕೋ.